ಸಾಯಬಿಡದ ಬಟ್ಟಲು

ಯಾರೋ ಬಾಗಿಲು ಬಡಿದರು.

ಅಪರಾತ್ರಿಯ ಆ ಬಡಿತದಲ್ಲಿ ಒಳಗೆ ಬರಬೇಕೆಂಬ ಆಸೆಯಿರಲಿಲ್ಲ. ಬಡಿದು ಪಾರಾಗಬೇಕೆಂಬ ಅವಸರವಿತ್ತು. ಪಾಂಗ್ ದೆಶುನ್ ಹಾಸಿಗೆಯಲ್ಲಿ ಎದ್ದು ಕುಳಿತ. ಪಕ್ಕದಲ್ಲಿ ಹೆಂಡತಿ ಲಾನ್‌ಯಿಂಗ್ ಗೊರಕೆ ಹೊಡೆಯುತ್ತಿದ್ದಳು. ಅವಳನ್ನು ಎಬ್ಬಿಸುವುದಕ್ಕಿಂತ ಕಳ್ಳನನ್ನು ಎದುರಿಸುವುದೇ ಕ್ಷೇಮವೆಂಬ ವಿವೇಕ ದೀರ್ಘ ದಾಂಪತ್ಯದಿಂದ ಅವನಿಗೆ ಲಭಿಸಿತ್ತು. ಬೆನ್ನು ತುರಿಸಿಕೊಳ್ಳುವ ಬಿದಿರುಕಡ್ಡಿಯನ್ನೇ ಖಡ್ಗದಂತೆ ಹಿಡಿದು ಹೋಗಿ ಅಗುಳಿ ತೆಗೆದ.

ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಹೊಸ್ತಿಲ ಮೇಲೆ ಒಂದು ಪಿಂಗಾಣಿ ಬಟ್ಟಲಿತ್ತು.

ಇಂಥ ಸಂದರ್ಭದಲ್ಲಿ ಬೇರೆ ಯಾರಾದರೂ ಯೋಚಿಸುತ್ತಿದ್ದರು. ಪಾಂಗ್ ಯೋಚಿಸಲಿಲ್ಲ. ಲಾನ್‌ಯಿಂಗ್ ಅರ್ಧ ಬೀದಿಗೆ ಪಾತ್ರೆ ಎರವಲು ಕೊಡುವವಳು. ಯಾರೋ ಹಿಂದಿರುಗಿಸಿದ್ದಾರೆ ಎಂದುಕೊಂಡು ಬಟ್ಟಲನ್ನು ಒಲೆಯ ಪಕ್ಕಕ್ಕಿಟ್ಟು ಮಲಗಿದ. ಬೆಳಗ್ಗೆ ಗೆಣಸಿನ ಗಂಜಿ ಬೆಂದಾಗ ಕೈಗೆ ಮೊದಲು ಸಿಕ್ಕಿದ್ದೂ ಅದೇ. ಒಮ್ಮೆ ಬಡಿಸಿಕೊಂಡು ಉಂಡ. ರುಚಿಯೆನಿಸಿತು. ಮತ್ತೊಮ್ಮೆ ಬಡಿಸಿಕೊಂಡ.

"ಏ ಮುದುಕ, ಯಾವ ಬಟ್ಟಲಲ್ಲಿ ತಿಂತಿದ್ದೀಯ?" ಲಾನ್‌ಯಿಂಗ್ ಬಾಗಿಲಲ್ಲೇ ನಿಂತಳು.

"ಗಂಜಿ ಬಟ್ಟಲಲ್ಲಿ."

"ಯಾರ ಬಟ್ಟಲು ಅಂತ ಕೇಳಿದ್ದು!"

ಪಾಂಗ್ ಕೊನೆಯ ಗುಟುಕು ಹೀರಿ ತಳ ನೋಡಿದ. ತಳದಲ್ಲಿ ನೀಲಿ ಮೀನು. ಪಕ್ಕದಲ್ಲಿ, ಒಡೆದ ಅಂಚನ್ನು ಹಿಡಿದು ನಿಲ್ಲಿಸಿದ ಹಿತ್ತಾಳೆಯ ಹೊಲಿಗೆ. ಛಿಂಗ್‌ಶಿ ಪೇಟೆಯಲ್ಲಿ ಹುಟ್ಟಿದ ಮಗುವಿಗೂ ಈ ಬಟ್ಟಲಿನ ಪರಿಚಯವಿತ್ತು. ಅದು ಯಾನ್ ಅಜ್ಜಿಯ ಬಟ್ಟಲು. ಯಾನ್ ಅಜ್ಜಿ ನೂರಾನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡು ಅಂದಿಗೆ ಎಂಟನೆಯ ದಿನ.

ನೂರು ದಾಟಿದವರ ಸಾವಿನೂಟವೆಂದರೆ ಆ ಪೇಟೆಗೆ ಮದುವೆಯೂಟಕ್ಕಿಂತ ಮಿಗಿಲು. ಉಂಡವರು ಉಂಡ ಬಟ್ಟಲನ್ನು ಮೆಲ್ಲಗೆ ಅಂಗಿಯ ತೋಳಿನೊಳಕ್ಕೆ ಇಳಿಸಿಕೊಂಡು ನಡೆಯಬೇಕು; ಮನೆಯವರು ಆ ಹೊತ್ತಿಗೆ ಸರಿಯಾಗಿ ಆಕಾಶ ನೋಡಬೇಕು. ಕದ್ದ ಬಟ್ಟಲಲ್ಲಿ ಉಂಡವರಿಗೆ ಸತ್ತವರ ಆಯುಷ್ಯ ಅಂಟುತ್ತದೆ. ಕೇಳಿ ಪಡೆದರೆ ಅಂಟುವುದಿಲ್ಲ. ಆದ್ದರಿಂದಲೇ ಯಾನ್ ಮನೆಯವರು ಬೇಕಾದ್ದಕ್ಕಿಂತ ದುಪ್ಪಟ್ಟು ಬಟ್ಟಲು ತರಿಸಿದ್ದರು. ಪೇಟೆಯ ಗಣ್ಯರೆಲ್ಲ ಅಂದು ಸಭ್ಯವಾಗಿ ಕದ್ದರು. ಪಾಂಗ್ ಕೂಡ ಕದ್ದ. ಆದರೆ ಸಾರು ಖಾಲಿ ಮಾಡುವುದಕ್ಕೆ ಮೊದಲೇ ಬಟ್ಟಲನ್ನು ತೋಳಿಗಿಳಿಸಿದ್ದರಿಂದ ಕಿರುಚಿಕೊಂಡು ಅಲ್ಲೇ ಎತ್ತಿಹಾಕಿದ್ದ. ಮೊಣಕೈ ಇನ್ನೂ ಕೆಂಪಗಿತ್ತು.

ಅವನ ಆತುರಕ್ಕೆ ಕಾರಣವೂ ಇತ್ತು. ಪಾಂಗ್ ವಂಶದ ಗಂಡಸರಲ್ಲಿ ಅರವತ್ತು ದಾಟಿದವರಿಲ್ಲ. ಅಜ್ಜ ದಾಟಲಿಲ್ಲ, ಅಪ್ಪ ದಾಟಲಿಲ್ಲ. ದೆಶುನ್‌ಗೆ ಬರುವ ಚಳಿಗಾಲಕ್ಕೆ ಅರವತ್ತು. ಹಾಗೆಂದು ಅವನೇನೂ ಸಿದ್ಧತೆಯಿಲ್ಲದೆ ಕುಳಿತಿರಲಿಲ್ಲ. ಬೆಳ್ಳಕ್ಕಿ ಬೆಟ್ಟದ ಇಳಿಜಾರಿನಲ್ಲಿ, ನದಿಗೆ ಮುಖ ಮಾಡಿದ ಜೋಡಿ ಸಮಾಧಿಯೊಂದನ್ನು ಗಂಡಹೆಂಡಿರು ಎಂದೋ ಕೊಂಡಿದ್ದರು. ಕಲ್ಲಿನ ಮೇಲೆ ಇಬ್ಬರ ಹೆಸರನ್ನೂ ಕೆತ್ತಿಸಿ, ಬದುಕಿರುವವರ ಹೆಸರಿಗೆ ಹಚ್ಚುವಂತೆ ಕೆಂಪು ಬಣ್ಣ ಹಚ್ಚಿಸಿದ್ದರು. ಪ್ರತಿ ವಸಂತದಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ, ತಮ್ಮದೇ ಸಮಾಧಿಯ ಮೇಲೆ ಕುಳಿತು ಕಲ್ಲಂಗಡಿ ಬೀಜ ಮೆಲ್ಲುತ್ತ, ಎಡಕ್ಕೆ ಯಾರು ಮಲಗಬೇಕೆಂದು ಜಗಳವಾಡುತ್ತಿದ್ದರು. ಲಾನ್‌ಯಿಂಗ್‌ಳ ಪಕ್ಕದ ಆ ಜಾಗವನ್ನು ನೆನೆದಾಗ ಮಾತ್ರ ಪಾಂಗ್‌ಗೆ ಸಾವಿನ ಭಯ ತುಸು ಸಡಿಲವಾಗುತ್ತಿತ್ತು.

"ಸತ್ತವರು ದಿನಾ ಉಂಡ ಬಟ್ಟಲು ಹಿರೇಮಗನಿಗೆ ಸೇರಬೇಕಾದ್ದು, ಆಮೇಲೆ ಅವನು ಅದರಲ್ಲೇ ಉಣ್ಣಬೇಕು. ನಿನ್ನೆ ಸಂಜೆಯಿಂದ ಅದು ಪೂಜೆ ಮೇಜಿನ ಮೇಲಿಲ್ಲ ಅಂತ ಯಾನ್ ಮನೇಲಿ ಗೋಳೋ ಅಂತಿದಾರೆ," ಎಂದಳು ಲಾನ್‌ಯಿಂಗ್. "ತೊಳ್ಕೊಂಡು ಹೋಗಿ ಕೊಟ್ಟು ಬಾ. ದಾರೀಲಿ ಎಲ್ಲೂ ನಿಲ್ಲಬೇಡ. ಮುಖ್ಯವಾಗಿ, ಬಾಯಿ ಬಿಡಬೇಡ."

ಈ ಎರಡು ಆಜ್ಞೆಗಳನ್ನೂ ಪಾಂಗ್ ಮನಃಪೂರ್ವಕವಾಗಿ ಒಪ್ಪಿಕೊಂಡು ಹೊರಟ. ಆದರೆ ಪಾಂಗ್‌ನ ಮನೆಗೂ ಯಾನ್ ಮನೆಗೂ ನಡುವೆ ಗುವಾನ್‌ನ ಚಹದಂಗಡಿಯಿತ್ತು.

ಚಹದಂಗಡಿಯ ನಡುಮಧ್ಯದಲ್ಲಿ, ತಲೆಗೆ ಶೋಕದ ಬಿಳಿಬಟ್ಟೆ ಸುತ್ತಿಕೊಂಡು ಅಜ್ಜಿಯ ಹಿರಿಮಗ ಯಾನ್ ಷೌರೆನ್ ಎದೆ ಬಡಿದುಕೊಳ್ಳುತ್ತಿದ್ದ. ಅವನಿಗೆ ಎಂಬತ್ತೆರಡು. ಪೇಟೆಯೆಲ್ಲ ಅವನನ್ನು 'ಚಿಕ್ಕ ಯಾನ್' ಎಂದೇ ಕರೆಯುತ್ತಿತ್ತು. ಹೆತ್ತವಳು ಬದುಕಿರುವಾಗ ಮಗ ಮುದುಕನಾಗುವುದು ಅಲ್ಲಿ ಮರ್ಯಾದೆಯಲ್ಲ. ಅವನು ಗಡ್ಡ ಬಿಡುವಂತಿರಲಿಲ್ಲ, ಊರುಗೋಲು ಹಿಡಿಯುವಂತಿರಲಿಲ್ಲ, "ಅಯ್ಯೋ ಸೊಂಟ" ಎಂದು ಮೊದಲು ನರಳುವ ಹಕ್ಕೂ ಇರಲಿಲ್ಲ. ಅಜ್ಜಿ ಬೀದಿಯ ಆ ತುದಿಯಿಂದ "ಟೋಪಿ ಹಾಕ್ಕೊಂಡು ಹೋಗೋ, ಕಿವಿಗೆ ಗಾಳಿ ಹೊಡೆಯುತ್ತೆ!" ಎಂದು ಕೂಗಿದರೆ ಮರಿಮಗನ ಮುಖ ಕಂಡಿದ್ದ ಆ ಮಗ ತಲೆ ತಗ್ಗಿಸಿ ಹಿಂದಿರುಗುತ್ತಿದ್ದ. ಸಂಸ್ಕಾರ ಮುಗಿದ ಮರುದಿನವೇ ಅವನ ಕೈಗೆ ಊರುಗೋಲು ಬಂದಿತ್ತು. ದುಃಖದಿಂದ ಕಾಲು ಸೋತಿದೆಯೆಂದು ಜನ ಮರುಗಿದ್ದರು.

"ನಮ್ಮಮ್ಮನ ಬಟ್ಟಲು! ಯಾವ ಪಾಪಿ ಕೈ ಹಾಕಿದ್ನೋ! ಸಿಗಲಿ, ಒಂದೊಂದೇ ಬೆರಳು ಮುರೀತೀನಿ!"

ಬೆರಳುಗಳ ಪ್ರಸ್ತಾಪ ಬಂದಾಗ ಪಾಂಗ್‌ಗೆ ಹಿಂದೆ ಸರಿಯುವುದು ಉಚಿತವೆಂದು ತೋರಿತು. ಸರಿದ. ಹಿಂದೆ ಬಿದಿರು ಕುರ್ಚಿಯಿತ್ತು. ಕುರ್ಚಿ ಉರುಳಿತು, ಪಾಂಗ್ ಅದರ ಮೇಲೆ ಉರುಳಿದ, ಅಂಗಿಯೊಳಗಿನಿಂದ ಬಟ್ಟಲು ಜಾರಿ ಮೇಜಿನ ಮೇಲೆ ಗಿರಗಿರನೆ ಸುತ್ತಿ, ಎಲ್ಲರೂ ಚೆನ್ನಾಗಿ ನೋಡಿದ ಮೇಲೆ ನಿಂತಿತು.

ಚಹದ ಲೋಟಗಳ ಮುಚ್ಚಳ ಅಲ್ಲಲ್ಲೇ ನಿಂತವು.

"ಲಾವ್ ಪಾಂಗ್," ಎಂದ ಗುವಾನ್, 'ಮುದಿ ಪಾಂಗ್' ಎಂಬ ಹಳೆಯ ಸಲುಗೆಯಲ್ಲಿ, "ಇದು ನಿನ್ನ ಹೊಟ್ಟೆ ಹತ್ರ ಹೇಗೆ ಬಂತು?"

ಯಾರೋ ಬಾಗಿಲಲ್ಲಿಟ್ಟು ಹೋದರು ಎಂಬುದು ನಿಜ. ಆದರೆ ಕಳ್ಳರೆಲ್ಲ ಹೇಳುವುದೂ ಅದನ್ನೇ. ಸತ್ಯ ನಾಲಗೆಯ ತುದಿಗೆ ಬರುವಷ್ಟರಲ್ಲಿ ಅದರ ಹಿಂದಿನಿಂದ ಇನ್ನೊಂದು ನುಗ್ಗಿ ಬಂದು ಅದನ್ನು ಪಕ್ಕಕ್ಕೆ ತಳ್ಳಿತು.

"ಅಜ್ಜಿನೇ ತಂದುಕೊಟ್ಟರು," ಎಂದ ಪಾಂಗ್. "ನಿನ್ನೆ ರಾತ್ರಿ."

ಸತ್ತವರು ಏಳನೆಯ ರಾತ್ರಿ ಮನೆ ನೋಡಲು ಬರುತ್ತಾರೆಂಬುದು ಎಲ್ಲರಿಗೂ ತಿಳಿದ ವಿಷಯ. ನಿನ್ನೆ ಏಳನೆಯ ರಾತ್ರಿ. ಲೆಕ್ಕ ಎಷ್ಟು ಚೆನ್ನಾಗಿ ಕೂಡಿತೆಂದರೆ ಸ್ವತಃ ಪಾಂಗ್‌ಗೇ ಅರೆಕ್ಷಣ ನಂಬಿಕೆ ಬಂತು.

"ಏನಂದ್ರು?" ಗುವಾನ್ ಕೆಟಲನ್ನು ಕೆಳಗಿಟ್ಟ.

"ಬಾಗಿಲು ಬಡಿದರು. ನೀಲಿ ಕುಪ್ಪಸ ಹಾಕಿದ್ರು. 'ದೆಶುನ್, ಇದನ್ನ ನೀನಿಟ್ಕೋ' ಅಂದ್ರು. 'ಗಂಜಿ ಬಿಸಿಬಿಸಿ ತಿನ್ನು' ಅಂದ್ರು."

"ತಿಂದ್ಯಾ?"

"ಎರಡು ಸಲ ಬಡಿಸ್ಕೊಂಡೆ."

ಚಹದಂಗಡಿ ಒಟ್ಟಾಗಿ ನಿಟ್ಟುಸಿರಿಟ್ಟಿತು. ಮೂಲೆಯಲ್ಲಿ ಕುಳಿತ ಒಬ್ಬ ಬೆರಳು ಮಡಚಿ ಲೆಕ್ಕ ಹಾಕಿದ: ಒಂದು ಬಟ್ಟಲಿಗೆ ನೂರಾನಾಲ್ಕು, ಎರಡು ಬಟ್ಟಲಿಗೆ ಇನ್ನೂರೆಂಟು. ಇನ್ನೊಬ್ಬ ಅವನನ್ನು ಗದರಿದ: "ಸತ್ತವಳೇ ಕೈಯಾರೆ ಕೊಟ್ಟಿದ್ದಕ್ಕೆ ಲೆಕ್ಕ ಎಂಥದೋ? ಅದಕ್ಕೆ ಕೊನೆಯೇ ಇಲ್ಲ. ಇವನು ಇನ್ನು ಸಾಯೋ ಹಂಗಿಲ್ಲ!"

ಎಲ್ಲರೂ ಚಿಕ್ಕ ಯಾನ್‌ನತ್ತ ತಿರುಗಿದರು. ಅವನು ಬಹಳ ಹೊತ್ತು ಬಟ್ಟಲನ್ನೂ ಪಾಂಗ್‌ನನ್ನೂ ನೋಡಿ, ಬಿಳಿಬಟ್ಟೆಯ ಅಂಚನ್ನು ಕಣ್ಣಿಗೊತ್ತಿಕೊಂಡ. "ಹೆತ್ತ ಮಗನಿಗಿಂತ ಅಮ್ಮನಿಗೆ ಅವನೇ ಹೆಚ್ಚಾದ. ಆಗಲಿ. ತಾಯಿ ಮಾತು ಮೀರೋನು ನಾನಲ್ಲ. ಯಾರೂ ಅವನ ಹತ್ರ ಅದನ್ನ ವಾಪಸ್ ಕೇಳಕೂಡದು."

ಇಂಥ ಮಗ ಹುಟ್ಟಬೇಕೆಂದು ಹೆಂಗಸರು ಕಣ್ಣೀರು ಹಾಕಿದರು.

ಮೊದಲ ಕೆಲವು ದಿನ ಅಮರತ್ವ ಬಹಳ ಸೊಗಸಾಗಿತ್ತು. ದಾರಿಯಲ್ಲಿ ಹೋಗುವವರು ಪಾಂಗ್‌ನ ತೋಳು ಮುಟ್ಟಿ ಕೈಯನ್ನು ತಲೆಗೆ ಸವರಿಕೊಳ್ಳುತ್ತಿದ್ದರು. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದು, "ಆ ಬಟ್ಟಲಲ್ಲಿ ಒಂದು ಗುಟುಕು ಕುಡಿಸಿ" ಎನ್ನುತ್ತಿದ್ದರು. ಅರವತ್ತರ ಭಯ ಪಾಂಗ್‌ನ ಎದೆಯಿಂದ ಬಾಡಿಗೆದಾರನಂತೆ ಗಂಟುಮೂಟೆ ಕಟ್ಟಿ ಹೊರಟುಹೋಯಿತು. ಅವನು ಶಿಳ್ಳೆ ಹಾಕುತ್ತ ನಡೆದ. ಮೆಣಸಿನ ಎಣ್ಣೆಯಲ್ಲಿ ಈಜುವ ಕರುಳಿನ ಸಾರನ್ನು ಡಾಕ್ಟರ ಮಾತು ಮೀರಿ ಕುಡಿದ. ಲಾನ್‌ಯಿಂಗ್ ಮಾತ್ರ ಅವನನ್ನು ದುರುಗುಟ್ಟಿ ನೋಡಿ, ಎಲೆಕೋಸನ್ನು ಅದರ ತಪ್ಪಿಗಿಂತ ಹೆಚ್ಚು ಜೋರಾಗಿ ಕೊಚ್ಚುತ್ತಿದ್ದಳು. ಅಜ್ಜಿ ಬಂದ ಕಥೆಯನ್ನು ಅವನು ಅವಳಿಗೂ ಬಿಡಿಸಿ ಹೇಳಿರಲಿಲ್ಲ.

ಆಮೇಲೆ ಸಾಯದವನ ಕಷ್ಟಗಳು ಒಂದೊಂದಾಗಿ ಎದ್ದವು.

ಕ್ಷೌರಿಕನ ಅಂಗಡಿಯಲ್ಲಿ ಅವನ ಸರದಿ ಬಂದಾಗ ಕ್ಷೌರಿಕ ಅವನ ಭುಜ ತಟ್ಟಿ ಹಿಂದಿನವನನ್ನು ಕುರ್ಚಿಗೆ ಕರೆದ. "ನಿನಗೇನಪ್ಪ ಅವಸರ? ಇವರಿಗೆ ಪಾಪ, ಇರೋದೇ ನಾಲ್ಕು ದಿನ." ಬಸ್ಸಿನಲ್ಲಿ ಹಿರಿಯರ ಸೀಟಿನಿಂದ ಅವನನ್ನು ಎಬ್ಬಿಸಿದರು: ಇನ್ನೂರು ವರ್ಷದ ಆಯುಷ್ಯದಲ್ಲಿ ಅರವತ್ತೆಂದರೆ ಹುಡುಗಾಟದ ಪ್ರಾಯ, ನಿಂತುಕೊಳ್ಳಲಿ. ಹಲ್ಲು ನೋವೆಂದು ಹೋದರೆ ಹಲ್ಲಿನ ವೈದ್ಯ ಇಕ್ಕಳವನ್ನು ಕೆಳಗಿಟ್ಟ. "ಲಾವ್ ಪಾಂಗ್, ಬೇರೆಯವರದಾದ್ರೆ ಕಿತ್ತು ಎಸೀತಿದ್ದೆ. ನಿನ್ನ ಹಲ್ಲು ಇನ್ನೆಷ್ಟು ತಲೆಮಾರು ಅಗೀಬೇಕೋ! ನನಗೆ ಧೈರ್ಯ ಸಾಲದು. ಹಂಗೇ ಕಚ್ಕೊಂಡಿರು."

ಆ ನಾಡಿನಲ್ಲಿ ಸರ್ಕಾರ ಮನೆಯ ನೆಲವನ್ನು ಎಪ್ಪತ್ತು ವರ್ಷಕ್ಕಷ್ಟೇ ಕೊಡುತ್ತದೆ. ಎಪ್ಪತ್ತು ಮುಗಿದ ಮೇಲೆ ಏನೆಂಬುದನ್ನು ಯಾರೂ ಕಂಡಿಲ್ಲ. ಹೊಸ ಮನೆ ಕೊಂಡವರೆಲ್ಲ ಪಾಂಗ್‌ನನ್ನು ಹುಡುಕಿಕೊಂಡು ಬಂದು ಅವನ ಜೇಬಿಗೆ ಮೊಮ್ಮಕ್ಕಳ ಹೆಸರು ತುರುಕತೊಡಗಿದರು. "ನೀನಂತೂ ಇರ್ತೀಯ. ಆವತ್ತು ಕಚೇರಿಗೆ ಹೋಗಿ ನಮ್ಮ ಹುಡುಗನ ಕಡೆಯಿಂದ ಸ್ವಲ್ಪ ಜಗಳ ಆಡು." ಮಾಜಾಂಗ್ ಆಡುವ ಗೆಳೆಯರು ಅವನಿಗೆ ಜಾಗ ಕೊಡುವುದನ್ನೇ ಬಿಟ್ಟರು; ಸೋತವನು ಇನ್ನೊಂದು ನೂರು ವರ್ಷ ಕಾದು ಗೆಲ್ಲಬಲ್ಲನೆಂದಾದರೆ ಆಟದಲ್ಲಿ ನ್ಯಾಯವೆಲ್ಲಿ ಉಳಿಯಿತು?

ಎಲ್ಲಕ್ಕಿಂತ ದೊಡ್ಡ ಏಟು ಕೊಟ್ಟದ್ದು ಮದುವೆ ಕುದುರಿಸುವ ಹೆಂಗಸು. ಅವಳು ಕಿತ್ತಳೆಹಣ್ಣಿನ ಚೀಲ ಹಿಡಿದು ಬಂದು ಲಾನ್‌ಯಿಂಗ್‌ಳ ಕೈ ಹಿಡಿದು ಕುಳಿತಳು.

"ಅಕ್ಕಾ, ಬೇಜಾರು ಮಾಡ್ಕೋಬೇಡ. ನಿನ್ನ ನಂತರ ಈ ಮನುಷ್ಯನ ಗತಿ ಏನು ಅಂತ ಯೋಚನೆ ಮಾಡಿದ್ಯಾ? ಒಂದು ಮೊಟ್ಟೆ ಬೇಯಿಸಕ್ಕೆ ಬರಲ್ಲ. ಪೇಟೇಲಿರೋ ವಿಧವೆಯರನ್ನೆಲ್ಲ ಮಾತಾಡಿಸಿದೀನಿ. ಒಬ್ಬೊಬ್ಬರಿಗೆ ಇಪ್ಪತ್ತು ವರ್ಷ ಅಂತ ಇಟ್ಕೊಂಡ್ರೂ ಮೊದಲ ನೂರು ವರ್ಷಕ್ಕೆ ವ್ಯವಸ್ಥೆ ಆಯ್ತು. ಒಬ್ಬಳಿಗೆ ಅಡಿಗೆ ನಿನ್ನ ಥರಾನೇ ಬರುತ್ತೆ."

ಲಾನ್‌ಯಿಂಗ್ ಅವಳನ್ನು ಸೌಟಿನಿಂದ ಬೀದಿಯ ತಿರುವಿನವರೆಗೆ ಬೀಳ್ಕೊಟ್ಟು ಬಂದಳು. ಅಂದು ಒಲೆ ಹೊತ್ತಲಿಲ್ಲ.

"ನಾನೇನು ಮಾಡ್ದೆ?" ಎಂದ ಪಾಂಗ್.

"ಏನೂ ಮಾಡಿಲ್ಲ. ಇನ್ನೂ ಐದು ಜನ ಬರೋರಿದಾರಲ್ಲ, ಅವರ ಕೈಲಿ ಮಾಡಿಸ್ಕೊಂಡು ತಿನ್ನು."

ಅಷ್ಟರಲ್ಲಿ ಪೇಟೆಯ ಗಾಳಿಯೂ ದಿಕ್ಕು ಬದಲಿಸಿತ್ತು. ತನ್ನ ಪಾಲು ಮೀರಿ ಬದುಕುವವನು ಉಳಿದ ಆಯುಷ್ಯವನ್ನು ಎಲ್ಲಿಂದ ತರುತ್ತಾನೆ? ಕಿರಿಯರ ಪಾಲಿನಿಂದಲೇ ಮುಕ್ಕುತ್ತಾನೆ ಎಂದು ಯಾರೋ ಹಳಬರ ಮಾತೊಂದನ್ನು ನೆನಪಿಸಿದರು. ಅಂದಿನಿಂದ ಕೂಸುಗಳು ಮನೆಯೊಳಗಾದವು. ಗುವಾನ್‌ನ ಹುಂಜ ಸತ್ತಿತು. ಎಲ್ಲರೂ ಪಾಂಗ್‌ನ ಕಡೆ ನೋಡಿದರು. ಆ ಹುಂಜವನ್ನು ಗುವಾನ್‌ನೇ ಕೊಯ್ದಿದ್ದನೆಂಬುದು ಆಮೇಲೆ ತಿಳಿದರೂ ನೋಡಿದ ನೋಟವನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ. ಬೀದಿಯಲ್ಲಿ ಯಾರು ಸೀನಿದರೂ ಪಾಂಗ್ ಕ್ಷಮೆ ಕೇಳುವಂತಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಲಾನ್‌ಯಿಂಗ್‌ಳ ತಮ್ಮ, ಪಟಾಕಿ ಅಂಗಡಿಯ ಖಾಯ್‌ವೆನ್, ಬೀದಿ ಸಮಿತಿಯ ಅಧ್ಯಕ್ಷೆ ರಾನ್ ಅವರನ್ನು ಮುಂದಿಟ್ಟುಕೊಂಡು ಮನೆಗೆ ಬಂದ. ಅಧ್ಯಕ್ಷೆಗೆ ಮುಖ್ಯ ವಿಷಯ ಹೇಳುವ ಮೊದಲು ಕೆಮ್ಮುವ ಅಭ್ಯಾಸವಿತ್ತು. ಕೆಮ್ಮಿದರು. ಪಾಂಗ್ ಕ್ಷಮೆ ಕೇಳಿದ.

"ಬೆಳ್ಳಕ್ಕಿ ಬೆಟ್ಟದಲ್ಲಿ ಜಾಗ ಇಲ್ಲ," ಎಂದರು ಅಧ್ಯಕ್ಷೆ. "ಸಾಯೋರು ಸಾಲಾಗಿ ನಿಂತಿದಾರೆ. ಬಳಕೆ ಇಲ್ಲದ ಸಮಾಧಿಯನ್ನ ಅವಶ್ಯಕತೆ ಇರೋರಿಗೆ ಬಿಟ್ಟುಕೊಡಬೇಕು ಅಂತ ಅರ್ಜಿ ಬಂದಿದೆ."

"ಯಾರದು ಬಳಕೆ ಇಲ್ಲದ್ದು?"

"ನಿಮ್ಮರ್ಧ, ಭಾವ," ಎಂದ ಖಾಯ್‌ವೆನ್ ಬಹಳ ವಿನಯದಿಂದ. "ನಿಮಗ್ಯಾಕೆ ಬೇಕು? ಖಾಲಿ ಬಿದ್ದಿರುತ್ತೆ. ಅಕ್ಕನ ಪಕ್ಕ ನಾನು ಮಲಗ್ತೀನಿ. ಚಿಕ್ಕವನಾಗಿದ್ದಾಗ ಮಲಗ್ತಿದ್ದೆ, ರೂಢಿ ಇದೆ. ನದಿ ಚೆನ್ನಾಗಿ ಕಾಣುತ್ತೆ ಅಲ್ಲಿಂದ."

"ನಾನು ಸಾಯ್ತೀನಿ!" ಪಾಂಗ್ ಎದ್ದು ನಿಂತ. "ಖಂಡಿತ ಸಾಯ್ತೀನಿ! ಮಾತು ಕೊಡ್ತೀನಿ!"

"ಎಲ್ಲರೂ ಹಂಗೇ ಹೇಳ್ತಾರೆ," ಎಂದರು ಅಧ್ಯಕ್ಷೆ. "ವೈಯಕ್ತಿಕವಾಗಿ ನಾನು ಮೂಢನಂಬಿಕೆ ಒಪ್ಪಲ್ಲ. ಆದರೆ ಜನ ನಂಬಿದಾರೆ ಅನ್ನೋದು ವಾಸ್ತವ. ಅಜ್ಜಿ ಬಂದಿದ್ರು ಅಂತ ನೀವೇ ಹೇಳಿದೀರ. ಸಾಯ್ತೀರಿ ಅನ್ನೋದಕ್ಕೆ ಡಾಕ್ಟರ ಪ್ರಮಾಣಪತ್ರ ತನ್ನಿ, ಪರಿಶೀಲಿಸೋಣ."

ಪಾಂಗ್ ಲಾನ್‌ಯಿಂಗ್‌ಳತ್ತ ನೋಡಿದ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. "ಅಕ್ಕಾ, ನೀನೇನಂತೀಯ?" ಎಂದು ಖಾಯ್‌ವೆನ್ ಕೇಳಿದ್ದಕ್ಕೆ ತಲೆಯೆತ್ತದೆ, "ಯೋಚಿಸ್ತೀನಿ," ಎಂದಳು. ಆ ಒಂದು ಮಾತಿನಿಂದ ಪಾಂಗ್‌ನ ಎದೆ ಬಾವಿಗೆ ಬಿದ್ದ ಬಿಂದಿಗೆಯಾಯಿತು. ಮುಗಿಯದ ವರ್ಷಗಳು ಒಂದರ ಹಿಂದೊಂದು ಸಾಲುಗಟ್ಟಿ ಕಂಡವು. ಅವುಗಳ ಕೊನೆಗೆ, ಬೆಟ್ಟದ ಮೇಲೆ, ನದಿ ನೋಡುತ್ತ ಆರಾಮವಾಗಿ ಮಲಗಿದ ಖಾಯ್‌ವೆನ್ ಕಂಡ.

ಡಾಕ್ಟರ ಬಳಿ ಓಡಿದ. ಡಾಕ್ಟರು ಎದೆಗೆ ಕೊಳವೆಯಿಟ್ಟು, ನಾಲಗೆ ನೋಡಿ, ನಾಡಿ ಹಿಡಿದು, "ಕೋಣ ಇದ್ದ ಹಾಗಿದ್ದೀಯ," ಎಂದರು.

"ಏನಾದ್ರೂ ಒಂದು ಇರಲೇಬೇಕು, ಸರಿಯಾಗಿ ನೋಡಿ!"

"ಒಂದು ಹಲ್ಲು ಹುಳುಕಿದೆ. ಅದಕ್ಕೆ ಯಾರೂ ಸಾಯಲ್ಲ."

ಇನ್ನುಳಿದ ದಾರಿ ಒಂದೇ: ಬಟ್ಟಲನ್ನು ತೊಲಗಿಸುವುದು. ಪಾಂಗ್ ಅದನ್ನು ಸಂಜೆ ಯಾನ್ ಮನೆಗೆ ಒಯ್ದು, ಯಾರೂ ಇಲ್ಲದ ಹೊತ್ತು ನೋಡಿ ಅಜ್ಜಿಯ ಚಿತ್ರದ ಮುಂದಿಟ್ಟು ಬಂದ. ಬೆಳಗ್ಗೆ ಎದ್ದು ನೋಡಿದರೆ ಬಟ್ಟಲು ಅವನ ಹೊಸ್ತಿಲ ಮೇಲಿತ್ತು. ದೋಣಿಗಟ್ಟೆಗೆ ಹೋಗಿ ನಡುಹೊಳೆಗೆ ಎಸೆದ. ದೋಣಿಯವನು ಹುಟ್ಟಿನಿಂದ ಅದನ್ನು ಎತ್ತಿ, ದಡದುದ್ದಕ್ಕೂ "ಲಾವ್ ಪಾಂಗ್, ನಿನ್ನ ಆಯುಷ್ಯ ಬಿದ್ದೋಗಿದೆ!" ಎಂದು ಕೂಗುತ್ತ ಬಂದು ಕೊಟ್ಟ. ಕಲ್ಲಿಗೆ ಬಡಿದ. ಒಮ್ಮೆ ಒಡೆದು ಹೊಲಿಸಿಕೊಂಡಿದ್ದ ಆ ಬಟ್ಟಲಿಗೆ ಮತ್ತೆ ಒಡೆಯುವ ಉತ್ಸಾಹವಿರಲಿಲ್ಲ. ಪುಟಿದು ಬಂದು ಅವನ ಮೊಣಕಾಲಿಗೆ ಬಡಿಯಿತು. ಮತ್ತೆ ಯಾನ್ ಮನೆಯಲ್ಲಿಟ್ಟ. ಮತ್ತೆ ಬೆಳಗ್ಗೆ ಹೊಸ್ತಿಲಲ್ಲಿತ್ತು.

ಸತ್ತ ಅಜ್ಜಿ ಇಷ್ಟೊಂದು ಸಲ ಬರಲಾರಳು. ಇದು ಬದುಕಿರುವವರ ಕೆಲಸ. ತಾನು ಸಾಯದಿದ್ದರೆ ಲಾಭ ಯಾರಿಗೆ? ಪಾಂಗ್‌ನ ತಲೆಯಲ್ಲಿ ಅಪರೂಪಕ್ಕೆ ದೀಪ ಹೊತ್ತಿತು. ಖಾಯ್‌ವೆನ್!

ಸಮಾಧಿಯ ತೀರ್ಮಾನಕ್ಕೆಂದು ಅಧ್ಯಕ್ಷೆ ರಾನ್ ಚಹದಂಗಡಿಯಲ್ಲಿ ಸಭೆ ಕರೆದ ದಿನ ಪೇಟೆಯೆಲ್ಲ ನೆರೆಯಿತು. ಚಿಕ್ಕ ಯಾನ್‌ನಿಗೆ ದುಃಖಿತನೆಂಬ ಗೌರವದಿಂದ ಬಾಗಿಲ ಬಳಿಯ ಗಾಳಿಯಾಡುವ ಬೆಂಚು ಕೊಟ್ಟಿದ್ದರು. ಬಟ್ಟಲು ನಡುಮೇಜಿನ ಮೇಲಿತ್ತು. ಅಧ್ಯಕ್ಷೆ ಕೆಮ್ಮಿದರು.

"ಪಾಂಗ್ ದೆಶುನ್ ಅವರ ಅರ್ಧ ಸಮಾಧಿ ಬಿಡುಗಡೆ ವಿಚಾರ. ಆಕ್ಷೇಪಣೆ ಇದ್ದೋರು ಹೇಳಿ."

"ನಂದಿದೆ!" ಪಾಂಗ್ ಕುರ್ಚಿಯ ಮೇಲೆ ಹತ್ತಿ ನಿಂತ. "ಅಜ್ಜಿ ಬರಲಿಲ್ಲ. ನೀಲಿ ಕುಪ್ಪಸಾನೂ ಇಲ್ಲ, ಏನೂ ಇಲ್ಲ. ನಾನು ಸುಳ್ಳು ಹೇಳ್ದೆ. ಯಾರೋ ಬಾಗಿಲು ಬಡಿದು ಇಟ್ಟು ಹೋದ್ರು. ಅದು ಯಾರು ಅಂತ ನನಗೆ ಗೊತ್ತು. ಇವನೇ! ನನ್ನ ಹೆಂಡತಿ ತಮ್ಮ!"

ಅಂಗಡಿ ಬುಗಿಲೆದ್ದಿತು. ಖಾಯ್‌ವೆನ್ ಮಾತ್ರ ಶಾಂತವಾಗಿ ಕಲ್ಲಂಗಡಿ ಬೀಜದ ಸಿಪ್ಪೆ ಉಗಿದ. "ಭಾವ, ಆವತ್ತು ರಾತ್ರಿ ಬೆಳಗಾಗೋತನಕ ನಾನು ಮಾಜಾಂಗ್ ಆಡ್ತಿದ್ದೆ. ಬೇಕಾದ್ರೆ ಅಧ್ಯಕ್ಷೆಯನ್ನೇ ಕೇಳಿ. ನನ್ನೆದುರಿಗೆ ಕೂತು ಸೋತೋರು ಅವರೇ."

ಅಧ್ಯಕ್ಷೆಯ ಮುಖ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. "ಅದು ಸಮಿತಿಯ ಸಮಾಲೋಚನೆ. ಆಟದ ರೂಪದಲ್ಲಿತ್ತು. ಅದಿರಲಿ! ಈಗ ಸುಳ್ಳು ಹೇಳ್ತಿದೀರೋ, ಆಗ ಹೇಳಿದ್ರೋ? ಅಜ್ಜಿ ಬಂದ್ರೋ ಬಿಟ್ರೋ, ಉಂಡಿದ್ದಂತೂ ಉಂಡಿದೀರ. ಎರಡು ಸಲ. ಸಮಾಧಿ ಅರ್ಧ—"

"ನಿಲ್ಲಿ."

ಲಾನ್‌ಯಿಂಗ್ ಎದ್ದು ನಿಂತಿದ್ದಳು. ಸೆರಗಿಲ್ಲದ ಆ ನಾಡಿನಲ್ಲಿ ಹೆಂಗಸರು ಜಗಳಕ್ಕೆ ಮುನ್ನ ಅಂಗಿಯ ತೋಳು ಮಡಚುತ್ತಾರೆ. ಅವಳು ಎರಡೂ ತೋಳು ಮಡಚಿದಳು.

"ಈ ಮನುಷ್ಯ ಎಲ್ಲದಕ್ಕೂ ತಡ. ನಮ್ಮ ಮದುವೆಗೇ ದೋಣಿ ತಪ್ಪಿಸ್ಕೊಂಡು ಮಾರನೇ ದಿನ ಬಂದ. ಆವತ್ತು ಕಾದೆ. ಬೆಟ್ಟದ ಮೇಲೂ ಕಾಯ್ತೀನಿ. ನೂರು ವರ್ಷ ಆಗಲಿ, ಇನ್ನೂರಾಗಲಿ. ಜಾಗ ಮಾತ್ರ ಯಾರಿಗೂ ಬಿಡಲ್ಲ. ಲೋ ಖಾಯ್‌ವೆನ್, ನೀನು ಚಿಕ್ಕವನಾಗಿದ್ದಾಗ ಹಾಸಿಗೇಲಿ ಏನು ಮಾಡ್ತಿದ್ದೆ ಅಂತ ನಾನಿಲ್ಲಿ ಹೇಳ್ಬೇಕಾ?"

ಖಾಯ್‌ವೆನ್ ಬೇಡವೆಂದು ತಲೆಯಾಡಿಸಿದ. ಪಾಂಗ್ ಕುರ್ಚಿಯಿಂದ ಇಳಿಯಲು ಮರೆತು ಅಲ್ಲೇ ನಿಂತು ಮೂಗೊರೆಸಿಕೊಂಡ.

"ಇನ್ನು ಈ ಬಟ್ಟಲು," ಎಂದಳು ಲಾನ್‌ಯಿಂಗ್. "ನೀವೆಲ್ಲ ಯಾನ್ ಮನೆ ಊಟದಲ್ಲಿ ಬಟ್ಟಲು ಕದ್ದೋರೇ. ಕದ್ದು ಏನು ಮಾಡಿದ್ರಿ? ಮನೆಗೆ ಒಯ್ದು ಬಚ್ಚಿಟ್ರಿ. ಆಯುಷ್ಯ ಬೇಕಾದೋನು ಕದ್ರೆ ಇಟ್ಕೋತಾನೆ. ಇದನ್ನ ಕದ್ದೋನು ಇನ್ನೊಬ್ಬರ ಬಾಗಿಲಿಗೆ ಹಾಕಿದಾನೆ. ವಾಪಸ್ ಕೊಟ್ರೆ ಮತ್ತೆ ತಂದು ಹಾಕಿದಾನೆ. ಅಂದ್ರೆ ಅವನಿಗೆ ಇದು ಬೇಡ. ಹೆಚ್ಚು ಬದುಕೋದು ಅಂದ್ರೇ ಹೆದರಿಕೆ ಅವನಿಗೆ. ಗುವಾನ್, ಇದಕ್ಕೆ ಚಹ ತುಂಬು. ಎಲ್ಲರೂ ಒಂದೊಂದು ಗುಟುಕು ಕುಡೀಲಿ. ಯಾರು ಕುಡಿಯಲ್ವೋ ಅವನೇ ಕಳ್ಳ."

ಮರುಗಳಿಗೆಯಲ್ಲಿ ನೂಕುನುಗ್ಗಲು ಶುರುವಾಯಿತು. ಕಿರಿಯರ ಆಯುಷ್ಯ ಮುಕ್ಕುವ ಪಾಪದ ಮಾತಾಡಿದವರೇ ಮೊದಲ ಸಾಲಿನಲ್ಲಿದ್ದರು. ಗುವಾನ್ ಸುರಿಯುತ್ತಲೇ ಒಂದು ಗುಟುಕು ನುಂಗಿದ. ಹಲ್ಲಿನ ವೈದ್ಯ ಬಾಯಿ ಮುಕ್ಕಳಿಸಿ ನುಂಗಿದ. ಮದುವೆ ಕುದುರಿಸುವವಳು ಒಂದು ಗುಟುಕಿಗೆ ಎರಡು ಗುಟುಕು ಎಳೆದಳು. ಖಾಯ್‌ವೆನ್ ಕುಡಿದು, ಕೈ ಬದಲಿಸಿ, ಬೇರೆಯವನಂತೆ ಮತ್ತೊಮ್ಮೆ ಕುಡಿದ. ಅಧ್ಯಕ್ಷೆ ರಾನ್ "ಕೇವಲ ಪರೀಕ್ಷಾರ್ಥ" ಎಂದು ಘೋಷಿಸಿ, ಕಣ್ಣು ಮುಚ್ಚಿಕೊಂಡು ತಳ ಕಾಣುವವರೆಗೆ ಪರೀಕ್ಷಿಸಿದರು. ಮತ್ತೆ ತುಂಬಿದ ಬಟ್ಟಲು ಲಾನ್‌ಯಿಂಗ್‌ಳ ಕೈಗೆ ಬಂತು. ಅವಳು ನಿಧಾನವಾಗಿ, ದೊಡ್ಡದಾಗಿ ಒಂದು ಗುಟುಕು ಕುಡಿದು, ಕುರ್ಚಿಯ ಮೇಲಿನ ಗಂಡನನ್ನು ನೋಡಿದಳು.

"ಇರೋದಾದ್ರೆ ಇಬ್ಬರೂ ಇರೋಣ. ಹೋಗೋದಾದ್ರೆ ಇಬ್ಬರೂ ಹೋಗೋಣ. ಈಗ ಕೆಳಗಿಳಿ, ಸಾಯೋಕೆ ಮುಂಚೆ ಕಾಲು ಮುರ್ಕೋಬೇಡ."

ಪಾಂಗ್ ಇಳಿದು ಅವಳ ಪಕ್ಕ ಹೋಗಿ ನಿಂತ. ಎಡಕ್ಕೆ ನಿಂತ. ಅವಳು ಈ ಸಲ ಜಗಳ ತೆಗೆಯಲಿಲ್ಲ.

ಅಧ್ಯಕ್ಷೆ ಬಾಯಿ ಒರೆಸಿಕೊಂಡು ಕೆಮ್ಮಿದರು. "ಸಮಿತಿಯ ತೀರ್ಮಾನ. ಬಟ್ಟಲಲ್ಲಿ ಕುಡಿದೋರಿಗೆ ಸಮಾಧಿ ಬೇಕಿಲ್ಲ ಅನ್ನೋದಾದ್ರೆ, ಅರ್ಜಿ ಹಾಕಿದ ಖಾಯ್‌ವೆನ್‌ಗೂ ಬೇಕಿಲ್ಲ. ಅವನು ಎರಡು ಸಲ ಕುಡಿದಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಬೆಟ್ಟದಲ್ಲಿ ಯಾರ ಜಾಗ ಯಾರದೋ ಅದು ಹಾಗೇ ಇರಲಿ. ಅರ್ಜಿ ವಜಾ."

"ಅಧ್ಯಕ್ಷೆ, ನನಗೆ—" ಎಂದು ಖಾಯ್‌ವೆನ್ ಬಾಯಿ ತೆರೆದ.

"ನಿನಗೇನಪ್ಪ ಅವಸರ?" ಎಂದಿತು ಇಡೀ ಚಹದಂಗಡಿ.

ನಗೆ ಅಡಗುವಷ್ಟರಲ್ಲಿ ಬಟ್ಟಲು ಕೈಯಿಂದ ಕೈಗೆ ಸಾಗಿ ಬಾಗಿಲ ಬಳಿಯ ಕೊನೆಯ ಬೆಂಚನ್ನು ಮುಟ್ಟಿತ್ತು. ಬಟ್ಟಲು ಹಿಡಿದವನು ಅದನ್ನು ಮುಂದೆ ಚಾಚಿದ. ತೆಗೆದುಕೊಳ್ಳಲು ಕೈ ಬರಲಿಲ್ಲ. ಬೆಂಚು ಖಾಲಿಯಿತ್ತು. ಬಾಗಿಲು ಇನ್ನೂ ಅಲುಗಾಡುತ್ತಿತ್ತು.

ಜನ ಕಿಟಕಿಗಳಿಗೆ ಮುತ್ತಿಕೊಂಡರು. ಕೆಳಗೆ, ನದಿಗಿಳಿಯುವ ಕಲ್ಲುಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಯಾರೋ ಪ್ರಾಣ ಕೈಯಲ್ಲಿ ಹಿಡಿದು ಓಡುತ್ತಿದ್ದರು.

"ಅಬ್ಬಾ, ಏನು ಓಟ!" ಎಂದ ಗುವಾನ್ ಕತ್ತು ಚಾಚಿ. "ಯಾರ ಮನೆ ಹುಡುಗನೋ ಅದು?"

ಲಾನ್‌ಯಿಂಗ್ ಕಣ್ಣು ಕಿರಿದು ಮಾಡಿ ನೋಡಿದಳು.

"ಹುಡುಗ ಅಲ್ಲ. ಯಾನ್ ಷೌರೆನ್."